ಸಾಲಿಗೆ ಸೇರದ ಒಬ್ಬ

"ಗುರುಗಳೇ, ಆ ಭರ್ಮಣ್ಣನನ್ನು ಮಠದಿಂದ ಕಳಿಸಿಬಿಡಬಾರದೇ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಕೇಳುವ ಹೊತ್ತಿಗೆ ಅವನಿಗೆ ತಲೆ ಕೆಟ್ಟುಹೋಗಿತ್ತು. ಮಠದಲ್ಲಿ ಅವನೂ ಸೇರಿ ಹದಿಮೂರು ಶಿಷ್ಯರು. ಕೆಲಸ ಹಂಚುವ ಹೊಣೆ ಅವನದು. ನೀರು ಸೇದಲು ಇಬ್ಬಿಬ್ಬರನ್ನು ಹಾಕಿದರೆ ಒಬ್ಬ ಉಳಿಯುತ್ತಿದ್ದ. ಸೌದೆಗೆ ಮೂವರಂತೆ ಕಳಿಸಿದರೂ ಒಬ್ಬ ಉಳಿಯುತ್ತಿದ್ದ. ನಾಲ್ವರಂತೆ ಪಾಠಕ್ಕೆ ಕೂರಿಸಿದರೂ ಅದೇ ಗೋಳು. ಭರ್ಮಣ್ಣ ನಿಧಾನದ ಮನುಷ್ಯ. ಅವನನ್ನು ಯಾರೂ ಜೊತೆಗೆ ಕರೆಯುತ್ತಿರಲಿಲ್ಲವಾದ್ದರಿಂದ ಉಳಿಯುವವನು ಹೆಚ್ಚಾಗಿ ಅವನೇ. ಮಠ ಬಿಟ್ಟರೆ ಅವನಿಗೆ ಬೇರೆ ಗತಿಯಿಲ್ಲ ಎಂಬುದು ಮರುಳಸಿದ್ಧನಿಗೂ ಗೊತ್ತಿತ್ತು. ಆದರೆ ದಿನವೂ ಈ ರಗಳೆ ಯಾರಿಗೆ ಬೇಕು?

ಗುರುಗಳು ಉತ್ತರ ಕೊಡದೆ ಕತೆ ಶುರುಮಾಡಿದರು. ಕೇಳಿದ್ದಕ್ಕೆ ಹೌದು, ಅಲ್ಲ ಎನ್ನದ ಅವರ ಈ ಚಾಳಿ ಮರುಳಸಿದ್ಧನನ್ನು ಇನ್ನಷ್ಟು ರೇಗಿಸುತ್ತಿತ್ತು. ಆದರೂ ಕೂತ.

ಒಬ್ಬ ದಳವಾಯಿಯ ಕೈಕೆಳಗೆ ಎರಡು ಸಾವಿರದ ಐನೂರ ಇಪ್ಪತ್ತೊಂದು ಸೈನಿಕರಿದ್ದರು. ಅರಸ ಸೇನೆಯನ್ನು ನೋಡಲು ಬರುವವನಿದ್ದ. ಸಾಲುಗಳು ಸಮನಾಗಿರಬೇಕೆಂದು ದಳವಾಯಿ ಹಟ ಹಿಡಿದ. ಇಬ್ಬಿಬ್ಬರಂತೆ ನಿಲ್ಲಿಸಿದ, ಒಬ್ಬ ಉಳಿದ. ಮೂವರಂತೆ ನಿಲ್ಲಿಸಿದ, ಒಬ್ಬ ಉಳಿದ. ನಾಲ್ಕು, ಐದು, ಆರು ಎನ್ನುತ್ತ ಹತ್ತರವರೆಗೂ ಬಂದ. ಪ್ರತಿಸಲವೂ ಒಬ್ಬ ಉಳಿದ, ಪ್ರತಿಸಲವೂ ಬೇರೆ ಒಬ್ಬ. ಒಮ್ಮೆಯಂತೂ ದಳವಾಯಿಯ ಸ್ವಂತ ಬಾಮೈದನೇ ಉಳಿದು ಪೆಚ್ಚಾಗಿ ನಿಂತಿದ್ದ. ಹನ್ನೊಂದರಂತೆ ನಿಲ್ಲಿಸಿದರೆ ಇಬ್ಬರು ಉಳಿದರು. ಹದಿಮೂರರಂತೆ ನಿಲ್ಲಿಸಿ ಹನ್ನೆರಡು ಜನ ಉಳಿದಾಗ ಅವನು ಪೇಟವನ್ನು ತೆಗೆದು ನೆಲಕ್ಕೆ ಬಡಿದ.

ಕರಣಿಕನಿಗೆ ಕರೆ ಹೋಯಿತು. ಅವನು ಲೆಕ್ಕ ಹಾಕಿ, ಈ ಸಂಖ್ಯೆ ಒಂದರಿಂದ ಮತ್ತು ತನ್ನಿಂದ ಹೊರತು ಬೇರಾವುದರಿಂದಲೂ ಭಾಗವಾಗದು, ಬೆಳಗಿನಿಂದ ಸುಮ್ಮನೆ ಜನರನ್ನು ಬಿಸಿಲಲ್ಲಿ ಒಣಗಿಸಿದಿರಿ ಎಂದ. ಒಬ್ಬ ಕಡಿಮೆಯಾದರೆ ಮಾತ್ರ ಒಂದರಿಂದ ಹತ್ತರವರೆಗೆ ಯಾವುದರಿಂದ ಬೇಕಾದರೂ ಶೇಷವಿಲ್ಲದೆ ಭಾಗವಾಗುತ್ತದೆ ಎಂದೂ ಹೇಳಿದ.

ದಳವಾಯಿಗೆ ಅಷ್ಟೇ ಸಾಕಾಯಿತು. ಆ ಗಳಿಗೆಯಲ್ಲಿ ಕೊನೆಗೆ ನಿಂತಿದ್ದ ಸೈನಿಕನ ಕತ್ತಿ ಕಿತ್ತುಕೊಂಡು, ಸೇನೆ ಬಿಟ್ಟು ಹೊರಡು ಎಂದ.

"ಒಡೆಯಾ, ನಾನು ಮಾಡಿದ ತಪ್ಪೇನು?" ಸೈನಿಕ ಕೇಳಿದ.

"ನೀನು ಹೆಚ್ಚಾದೆ," ಎಂದ ದಳವಾಯಿ.

ಸೈನಿಕ ಹೋದ. ಹತ್ತು ಹತ್ತರ ಸಾಲುಗಳು ಗೆರೆ ಎಳೆದಂತೆ ನಿಂತವು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರುಳಸಿದ್ಧನಿಗೆ ಹಿಗ್ಗಾಯಿತು. ಅಂತೂ ಈ ಸಲ ಕತೆ ತನ್ನ ಕಡೆಗೆ ವಾಲಿತು ಎಂದುಕೊಂಡ.

"ಹಾಗಾದರೆ ಒಬ್ಬನನ್ನು ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ತಾವೂ ಒಪ್ಪಿದಿರಿ," ಎಂದ.

ಗುರುಗಳು ಹೇಳಿದರು: "ಒಪ್ಪಿದೆ, ನೀನು ಹೊರಡು, ಆಗಲೂ ಹನ್ನೆರಡೇ ಜನ ಉಳಿಯುತ್ತಾರೆ."