ಬಾಲ್ಕನಿಯ ಇಳಕಲ್ ಸೀರೆ

ಬಾಗಲಕೋಟೆಯ ನೀಲವ್ವಜ್ಜಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಬೆಂಗಳೂರು ನೋಡಲು ಬಂದು, ಹೊಚ್ಚಹೊಸ ಐಷಾರಾಮಿ ಹೋಟೆಲಿನಲ್ಲಿ ಇಳಿದಳು. ಹಿಂದಿನ ದಿನ ಉಟ್ಟ ಸೀರೆಯನ್ನು ಒಗೆದು ಬಿಸಿಲಿಗೆ ಹಾಕದ ಹೊರತು ಅಜ್ಜಿಗೆ ತಿಂಡಿ ಇಳಿಯದು. ಬೆಳಿಗ್ಗೆ ಎಂಟಕ್ಕೆಲ್ಲ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಕೆಂಪು ಸೆರಗಿನ ಇಳಕಲ್ ಸೀರೆ ರಸ್ತೆಯ ಕಡೆಗೆ ಜೋತಾಡುತ್ತಿತ್ತು.

ಕೋಟು ತೊಟ್ಟ ಮ್ಯಾನೇಜರ್ ಓಡಿಬಂದ.

"ಅಮ್ಮಾ, ಇದೇನು ಛತ್ರವಾ? ಈಗ ನಮ್ಮ ಮಾಲೀಕರು ಬರ್ತಾರೆ. ಬಾಲ್ಕನಿಯಲ್ಲಿ ಅಲಂಕಾರ ಬಿಟ್ಟು ಬೇರೇನೂ ಇರಬಾರದು. ತೆಗೀರಿ, ಇಲ್ಲಾಂದ್ರೆ ರೂಮು ಖಾಲಿ ಮಾಡಿ!"

ಮಗ ಗಾಬರಿಯಾಗಿ ಸೀರೆಗೆ ಕೈಹಾಕಿದ. ಅಜ್ಜಿ ತಡೆದಳು. ನಿನ್ನೆ ಸ್ವಾಗತಕ್ಕೆಂದು ಹೋಟೆಲಿನವರೇ ಇವರ ಕೊರಳಿಗೆ ಹಾಕಿದ್ದ ಚೆಂಡುಹೂವಿನ ಹಾರಗಳನ್ನು ತಂದು, ಸೀರೆಯ ಎರಡೂ ಬದಿಗೆ ಇಳಿಬಿಟ್ಟಳು.

"ಈಗ ಇದು ಅಲಂಕಾರ ಆತಿಲ್ಲೋ ತಮ್ಮಾ?"

ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಕಾರು ನಿಂತಿತು. ಮಾಲೀಕರು ಇಳಿದು ಮೇಲೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಭೇಷ್! ಎಂಥ ಕಳೆ ಬಂದಿದೆ ಕಟ್ಟಡಕ್ಕೆ! ಮಧ್ಯಾಹ್ನದೊಳಗೆ ಎಲ್ಲ ಬಾಲ್ಕನಿಗೂ ಹೀಗೇ ಮಾಡಿಸಿ!" ಎಂದು ಕೆಳಗಿನಿಂದಲೇ ಕೂಗಿದರು.

ಮ್ಯಾನೇಜರ್ ಬೆವರು ಒರೆಸಿಕೊಂಡ. ದನಿ ಮೆತ್ತಗಾಯಿತು.

"ಅಮ್ಮಾ... ಇಂಥ ಸೀರೆ ಇನ್ನೂ ಇವೆಯಾ?"

"ನಮ್ಮ ಸೊಸೀವು ನಾಕ ಅದಾವಪ್ಪಾ," ಎಂದಳು ಅಜ್ಜಿ. "ಬಕೆಟ್ಟಿನ್ಯಾಗ ನೆನಸಿಟ್ಟೀನಿ. ಆ ಕೋಟ ತಗದಿಟ್ಟು ಬಾ, ಒಗಿಯೂಣ."