ಉಪ್ಪು ಬಿತ್ತು ಎಂಬ ಕೂಗು

"ಅಜ್ಜ, ಬೆಳೆಯುತ್ತಿರುವ ಕಂಪನಿಯಲ್ಲಿ ಇರುವುದು ಒಳ್ಳೆಯದೋ, ಬೆಳೆದು ನಿಂತ ಕಂಪನಿಗೆ ಹೋಗುವುದು ಒಳ್ಳೆಯದೋ?" ಎಂದು ನೀಲಾಂಬಿಕೆ ಕೇಳಿದಳು.

ಮರುಳಪ್ಪಜ್ಜ ಒಲೆಗೆ ಇನ್ನೊಂದು ಕೊರಡು ತಳ್ಳಿದ.

"ಹನ್ನೆರಡು ಸಾವಿರ ಎಲೆಯ ಊಟಕ್ಕೆ ಒಂದೇ ಕೈಯಲ್ಲಿ ಉಪ್ಪು ಹಾಕಿದವನು ನಾನು," ಎಂದ. "ಒಂದು ಹಿಡಿ ಹೆಚ್ಚಾಗಲಿಲ್ಲ, ಒಂದು ಹಿಡಿ ಕಮ್ಮಿಯಾಗಲಿಲ್ಲ. ಬೇಕಾದರೆ ಉಂಡವರನ್ನೇ ಕೇಳು ಅನ್ನೋಣವೆಂದರೆ, ಒಬ್ಬರೂ ಉಳಿದಿಲ್ಲ."

"ಹೋದ ತಿಂಗಳು ಹತ್ತು ಸಾವಿರ ಎಲೆ ಇತ್ತು," ಎಂದಳು ಕಾಯಿ ತುರಿಯುತ್ತಿದ್ದ ಸಾವಂತ್ರಮ್ಮ.

"ಹೋದ ತಿಂಗಳು ಎರಡು ಸಾವಿರ ಮರೆತಿದ್ದೆ."

ಅದು ಮಠದ ದಾಸೋಹದ ಅಡುಗೆಮನೆ. ಮರುಳಪ್ಪಜ್ಜ ಅಲ್ಲಿಯ ಹಿರಿಯ. ಅವನಿಗೆ ಓದಲು ಬರೆಯಲು ಬಾರದು. ಆದರೂ ಭಾನುವಾರದ ಸೇವೆಗೆ ಬಂದವರು, ವಕೀಲರಾಗಲಿ ಡಾಕ್ಟರಾಗಲಿ, ಅವನ ಕೈಕೆಳಗೇ ಕಲಿಯಬೇಕು. ನೀಲಾಂಬಿಕೆ ಮೂರು ವರ್ಷದಿಂದ ಕಲಿಯುತ್ತಿದ್ದಳು. ಉಳಿದ ದಿನ ಅವಳು ಅದೇ ಊರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು.

"ಎಲೆಯ ವಿಷಯ ಆಮೇಲೆ," ಎಂದಳು ನೀಲಾಂಬಿಕೆ. "ಇವತ್ತು ಸಂಜೆ ಆರಕ್ಕೆ ನಾನು ಉತ್ತರ ಕೊಡಬೇಕು."

"ಯಾರಿಗೆ?"

"ದೊಡ್ಡ ಕಂಪನಿಯವರಿಗೆ. ಬಾ ಎಂದು ಕರೆದಿದ್ದಾರೆ. ಅಲ್ಲಿ ನಲವತ್ತು ಸಾವಿರ ಜನ. ಒಬ್ಬೊಬ್ಬರ ಕೆಲಸಕ್ಕೂ ಗೆರೆ ಎಳೆದಿಟ್ಟಿದ್ದಾರೆ."

"ಈಗಿರುವ ಕಡೆ ಗೆರೆ ಇಲ್ಲವೋ?"

"ಇಲ್ಲ. ನಾನು ಸೇರಿದಾಗ ಒಂದೇ ಕೋಣೆ, ಒಂಬತ್ತು ಜನ. ಪ್ರೋಗ್ರಾಂ ಬರೆಯುವವಳೂ ನಾನೇ, ಗಿರಾಕಿಯ ಫೋನ್ ಎತ್ತುವವಳೂ ನಾನೇ, ನೀರಿನ ಕ್ಯಾನ್ ಬದಲಿಸುವವಳೂ ನಾನೇ. ಬೇರೆ ಕಡೆ ಹತ್ತು ವರ್ಷ ಹಿಡಿಯುವುದನ್ನು ಮೂರು ವರ್ಷದಲ್ಲಿ ಕಲಿತೆ. ಅದನ್ನು ಇಲ್ಲ ಅನ್ನಲಾರೆ. ಈಗ ಮೂರು ಮಹಡಿ, ತೊಂಬತ್ತು ಜನ. ಅರ್ಧ ಜನರ ಹೆಸರೇ ನನಗೆ ಗೊತ್ತಿಲ್ಲ."

ಅವಳು ಒಂದು ಬದನೆಕಾಯಿ ಹೆಚ್ಚಿ ನೀರಿಗೆ ಹಾಕಿದಳು. ಆಮೇಲೆ ಉಳಿದದ್ದನ್ನೂ ಹೇಳಿದಳು. ನಾನೂರು ಔಷಧದ ಅಂಗಡಿಗಳು ಅವರ ಸಾಫ್ಟ್‌ವೇರ್ ನಂಬಿಕೊಂಡು ಬಿಲ್ ಹಾಕುತ್ತವೆ. ಅದಕ್ಕೆ ವರ್ಷಕ್ಕೊಮ್ಮೆ ಒಂದು ಪರವಾನಗಿಯನ್ನು ಹೊಸದು ಮಾಡಿಸಬೇಕು. ಈ ವರ್ಷ ಯಾರೂ ಮಾಡಿಸಲಿಲ್ಲ. ಹೋದ ವಾರ ಅರ್ಧ ದಿನ ನಾನೂರು ಅಂಗಡಿಯೂ ನಿಂತವು. ಇದು ಯಾರ ಕೆಲಸವೆಂದು ಮೀಟಿಂಗ್‌ನಲ್ಲಿ ಕೇಳಿದಾಗ, ತೊಂಬತ್ತು ಜನರೂ ಪಕ್ಕದವರ ಮುಖ ನೋಡಿದರು.

"ನಿನಗೆ ಗೊತ್ತಿರಲಿಲ್ಲವೋ?" ಎಂದ ಅಜ್ಜ.

ನೀಲಾಂಬಿಕೆ ತಲೆ ಎತ್ತಲಿಲ್ಲ. "ತಾರೀಖು ನೋಡಿದ್ದೆ. ಯಾರಾದರೂ ಮಾಡಿಸಿರುತ್ತಾರೆ ಅಂದುಕೊಂಡೆ." ಇನ್ನೊಂದು ಬದನೆಕಾಯಿ ಎತ್ತಿಕೊಂಡು ಹೇಳಿದಳು, "ದೊಡ್ಡ ಕಂಪನಿಯಲ್ಲಾದರೆ ಇಂಥದ್ದು ನನ್ನ ತಲೆಯ ಮೇಲೆ ಬರುವುದಿಲ್ಲ."

ಸಾರಿನ ಕೊಪ್ಪರಿಗೆ ಅವಳ ಪಕ್ಕದಲ್ಲೇ ಕುದಿಯುತ್ತಿತ್ತು. ಅಜ್ಜ ಒಂದು ಸಲ ಅತ್ತ ನೋಡಿದ. ಆಮೇಲೆ ಮಣೆ ಎಳೆದುಕೊಂಡು ಕೂತ.

"ಕೈ ನಿಲ್ಲಿಸಬೇಡ. ಹೆಚ್ಚುತ್ತಲೇ ಕೇಳು," ಎಂದು ಕತೆ ತೆಗೆದ.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆ ಮುಂಜಿಗೆ ಅಡುಗೆ ಮಾಡುವ ಐದು ಜನರ ಗುಂಪಿನಲ್ಲಿ ಅವನೊಬ್ಬ. ಎಲ್ಲರೂ ಎಲ್ಲ ಕೆಲಸ ಮಾಡುವರು. ಯಾರ ಕೈ ಬಿಡುವಾಗಿದೆಯೋ ಅವರು ಉಪ್ಪು ಹಾಕುವರು. ಐವತ್ತು ಎಲೆಯ ಊಟಕ್ಕೆ ಇದರಿಂದ ಏನೂ ಕೆಡಲಿಲ್ಲ. ಒಬ್ಬ ಹಾಕಿದ್ದು ಉಳಿದ ನಾಲ್ವರಿಗೂ ಕಾಣುತ್ತಿತ್ತು.

ಅವರ ಕೈರುಚಿ ಹೆಸರಾಯಿತು. ಐವತ್ತು ಎಲೆ ಐನೂರಾಯಿತು, ಐನೂರು ಐದು ಸಾವಿರವಾಯಿತು. ಐದು ಜನ ಇದ್ದದ್ದು ಐವತ್ತಾದರು. ಅಲ್ಲಿ ಯಾರೂ ಇದ್ದಲ್ಲೇ ಇರಲಿಲ್ಲ. ನೀರು ಹೊರಲು ಬಂದವನು ಆರು ತಿಂಗಳಿಗೆ ಪಾಯಸಕ್ಕೆ ಕೂತ. ಪಾತ್ರೆ ತಿಕ್ಕಲು ಬಂದ ಹೆಂಗಸು ವರ್ಷ ತುಂಬುವುದರೊಳಗೆ ಹೋಳಿಗೆ ಬೇಯಿಸಿದಳು. ಕೊಪ್ಪರಿಗೆಯೂ ಬೆಳೆಯಿತು. ಈ ದಡದಲ್ಲಿ ನಿಂತವನಿಗೆ ಆ ದಡದವನು ಕಾಣುತ್ತಿರಲಿಲ್ಲ. ಸಾರು ತಿರುವಲು ಹೊಳೆಯಿಂದ ಅಂಬಿಗನನ್ನು ಕರೆಸಿದರು. ಒಗ್ಗರಣೆ ಬಿದ್ದಾಗ ಮೂರು ಊರಿನಾಚೆ ಎತ್ತುಗಳು ಸೀನಿದವು.

"ಎತ್ತು ಸೀನುತ್ತದೆಯೇ?" ಎಂದಳು ಸಾವಂತ್ರಮ್ಮ.

"ಅವತ್ತು ಸೀನಿದವು. ನೀನು ಕಾಯಿ ತುರಿ."

ಹೀಗಿರುವಾಗ ಒಬ್ಬ ವ್ಯಾಪಾರಿಯ ಮಗಳ ಮದುವೆ ಬಂತು. ಹನ್ನೆರಡು ಸಾವಿರ ಎಲೆ. ಆ ಗುಂಪಿನವರಿಗೆ ಒಂದು ಕಟ್ಟುಪಾಡಿತ್ತು. ದೇವರಿಗೆ ಎಡೆ ಇಡುವ ಮುಂಚೆ ಅಡುಗೆಯನ್ನು ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಈ ಅಡುಗೆಮನೆಯಲ್ಲೂ ಹಾಗೇ ಅಲ್ಲವೇ. ರುಚಿ ನೋಡಿ ತಿಳಿಯುವ ದಾರಿಯಿಲ್ಲ.

ಸಾರು ಕುದಿಯಿತು. ಅಡುಗೆಯವನು ಕೊಪ್ಪರಿಗೆಯ ಪಕ್ಕದಲ್ಲಿ ಹಾದುಹೋಗುವಾಗ ಉಪ್ಪಿನ ಮೂಟೆ ಕಂಡಿತು. ಮೂಟೆಯ ಬಾಯಿಗೆ ಹಾಕಿದ ಹೊಲಿಗೆ ಬಿಚ್ಚಿರಲಿಲ್ಲ. ಬೇರೆ ಮೂಟೆಯಿಂದ ಹಾಕಿರುತ್ತಾರೆ ಎಂದುಕೊಂಡು ಅವನು ಮುಂದೆ ಹೋದ. ಉಳಿದ ನಲವತ್ತೊಂಬತ್ತು ಜನರೂ ಆ ಮೂಟೆಯ ಪಕ್ಕದಲ್ಲೇ ಹಾದುಹೋದರು.

ಪಂಕ್ತಿ ಕೂತಿತು. ಜನ ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಹನ್ನೆರಡು ಸಾವಿರ ಕೈ ಒಟ್ಟಿಗೆ ನಿಂತವು. ಅಷ್ಟು ಕೈ ಒಮ್ಮೆಲೇ ನಿಂತರೆ ಗಾಳಿಯೂ ನಿಲ್ಲುತ್ತದೆ. ಅಂದು ಚಪ್ಪರದ ತೋರಣ ಅಲುಗಲಿಲ್ಲ.

ವ್ಯಾಪಾರಿ ಅಡುಗೆಮನೆಗೆ ಬಂದ. ಬಯ್ಯಲಿಲ್ಲ. ಬಾಗಿಲಲ್ಲೇ ನಿಂತು, "ಉಪ್ಪು ಯಾರದು?" ಎಂದ.

ಐವತ್ತು ಜನರೂ ತಲೆ ತಗ್ಗಿಸಿ ನಿಂತರು.

ಅಡುಗೆಯವನಿಗೆ ಆ ನಾಚಿಕೆ ಸಹಿಸಲಾಗಲಿಲ್ಲ. ಮರುದಿನವೇ ಊರು ಬಿಟ್ಟು ಅರಮನೆಯ ಅಡುಗೆಮನೆ ಸೇರಿದ. ಅಲ್ಲಿ ಎಲ್ಲಕ್ಕೂ ಗೆರೆ. ಅಕ್ಕಿ ಆರಿಸುವವನು ಬೇರೆ, ತೊಳೆಯುವವನು ಬೇರೆ. ಉಪ್ಪಿನ ಪೆಟ್ಟಿಗೆಗೆ ಬೀಗ, ಬೀಗದ ಕೈ ಉಪ್ಪಿನವನ ಸೊಂಟದಲ್ಲಿ. ಇವನಿಗೆ ಶುಂಠಿ ಕೊಟ್ಟರು. ಹೊತ್ತಿಗೆ ಸರಿಯಾಗಿ ಊಟ, ಮಧ್ಯಾಹ್ನ ನಿದ್ದೆ, ಹಬ್ಬಕ್ಕೆ ಪಂಚೆ. ಏರುದನಿಯಲ್ಲಿ ಮಾತಾಡುವವರಿಲ್ಲ. ಸುಖ ಸುಳ್ಳಲ್ಲ, ನೀಲವ್ವ. ಅವನ ಮೈ ತುಂಬಿತು, ಊರಿನಲ್ಲಿ ಅವನ ತಾಯಿಗೆ ನೆಮ್ಮದಿಯಾಯಿತು.

ಹನ್ನೊಂದು ವರ್ಷ ಅವನು ಶುಂಠಿ ಹೆರೆದ. ಅವನು ಹೆರೆದ ಶುಂಠಿ ಎಷ್ಟು ನಯವೆಂದರೆ, ರಾಣಿ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುತ್ತಿದ್ದಳು.

ಸಾವಂತ್ರಮ್ಮ ಬಾಯಿ ತೆರೆದಳು. ಅಜ್ಜ ಕೈ ಎತ್ತಿದ. ಅವಳು ಸುಮ್ಮನೆ ತುರಿದಳು.

ಒಂದು ದಿನ ಅರಮನೆಯ ಸಾರು ಕುದಿಯುತ್ತಿತ್ತು. ಶುಂಠಿಯವನಿಗೆ ನೊರೆ ನೋಡಿಯೇ ಗೊತ್ತಾಯಿತು. ಹಳೆಯ ಕೈ, ಹಳೆಯ ಕಣ್ಣು. "ಇದಕ್ಕೆ ಉಪ್ಪು ಬಿದ್ದಿಲ್ಲ," ಎಂದ. ಪಕ್ಕದವನು ತಿರುಗಿ ನೋಡಿ, "ನೀನು ಶುಂಠಿಯವನು," ಎಂದ. ಇವನು ಕೂತು ಶುಂಠಿ ಹೆರೆದ. ಸಪ್ಪೆ ಸಾರು ರಾಜನ ಎಲೆಗೆ ಹೋಯಿತು. ಉಪ್ಪಿನವನನ್ನು ಕರೆದು ಕೇಳಿದರು. ಇವನನ್ನು ಯಾರೂ ಏನೂ ಕೇಳಲಿಲ್ಲ. ತಪ್ಪು ಇವನದಲ್ಲವಲ್ಲ. ಆದರೂ ಅಂದು ಇವನಿಗೆ ಊಟ ಸೇರಲಿಲ್ಲ. ಮದುವೆಯ ಮನೆಯಲ್ಲಿ ತಲೆ ತಗ್ಗಿಸಿ ನಿಂತಾಗ ಆದ ನಾಚಿಕೆಯೇ ಮತ್ತೆ ಆಯಿತು.

ಪಂಚೆ ಗಂಟು ಕಟ್ಟಿಕೊಂಡು ಅವನು ತನ್ನ ಹಳೆಯ ಗುಂಪನ್ನು ಹುಡುಕಿಕೊಂಡು ಬಂದ. ಗುಂಪಿನಲ್ಲಿ ಆಗ ಇನ್ನೂರು ಜನ. ಪಾತ್ರೆ ತಿಕ್ಕಲು ಬಂದಿದ್ದ ಆ ಹೆಂಗಸು ಈಗ ಎಲ್ಲರಿಗೂ ಯಜಮಾನಿ.

"ಈಗ ಉಪ್ಪು ಯಾರದು?" ಎಂದು ಕೇಳಿದ.

"ಬಿದ್ದಿಲ್ಲವೆಂದು ಕಂಡವರದು," ಎಂದಳು ಅವಳು. "ಹಾಕಿದವರು ಕೂಗಬೇಕು. ಕೇಳಿದವರು ಓಗೊಡಬೇಕು. ಕೂಗು ಕೇಳದವರು ಎದ್ದು ಹೋಗಿ ನೋಡಬೇಕು."

ಮರುಳಪ್ಪಜ್ಜ ಮಾತು ನಿಲ್ಲಿಸಿದ.

ನೀಲಾಂಬಿಕೆಗೆ ಆ ಕೂಗು ಗೊತ್ತಿತ್ತು. ಪ್ರತಿ ಭಾನುವಾರ ಕೊಪ್ಪರಿಗೆಯ ಹತ್ತಿರದಿಂದ ಯಾರಾದರೂ "ಉಪ್ಪು ಬಿತ್ತು" ಎಂದು ಕೂಗುವರು. ಅಡುಗೆಮನೆಯಲ್ಲಿ ಇದ್ದವರೆಲ್ಲ "ಕೇಳಿತು" ಎನ್ನುವರು. ಮೂರು ವರ್ಷ ಅವಳೂ ಓಗೊಟ್ಟಿದ್ದಳು. ಏಕೆಂದು ಕೇಳಿರಲಿಲ್ಲ. ಮಠದ ಪದ್ಧತಿ ಎಂದುಕೊಂಡಿದ್ದಳು.

"ಆಮೇಲೆ ಅವನು ಗುಂಪಿನಲ್ಲೇ ಉಳಿದನೋ, ಅರಮನೆಗೆ ಹಿಂದಕ್ಕೆ ಹೋದನೋ?" ಎಂದು ಕೇಳಿದಳು.

"ಕತೆ ಅಲ್ಲಿಗೆ ಮುಗಿಯಿತು."

"ಮುಗಿಯಲಿಲ್ಲ, ಅಜ್ಜ." ಅವಳು ಈಳಿಗೆಮಣೆ ಬದಿಗೆ ಸರಿಸಿದಳು. "ಹನ್ನೆರಡು ಸಾವಿರ ಎಲೆಗೆ ಒಂದೇ ಕೈಯಲ್ಲಿ ಉಪ್ಪು ಹಾಕಿದೆ ಎಂದು ಮೊದಲೇ ಹೇಳಿದಿರಿ. ಈಗ ನೋಡಿದರೆ ಆ ಹನ್ನೆರಡು ಸಾವಿರ ಎಲೆಗೆ ಯಾರೂ ಉಪ್ಪೇ ಹಾಕಲಿಲ್ಲ. ಹೊಲಿಗೆ ಬಿಚ್ಚದ ಮೂಟೆ ನೋಡಿಯೂ ಸುಮ್ಮನೆ ಹೋದವರು ನೀವು."

ಕಾಯಿ ತುರಿಯುವ ಸದ್ದು ನಿಂತಿತು. ಇಷ್ಟು ವರ್ಷದಲ್ಲಿ ಸಾವಂತ್ರಮ್ಮನಿಗೂ ಇದು ಹೊಳೆದಿರಲಿಲ್ಲ.

ಅಜ್ಜ ಹೆಗಲ ಮೇಲಿನ ಟವೆಲನ್ನು ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡ.

"ಇರಬಹುದು," ಎಂದ. "ಹೇಳಿದೆನಲ್ಲ, ಉಂಡವರು ಯಾರೂ ಉಳಿದಿಲ್ಲ."

ಸಾವಂತ್ರಮ್ಮ ನಕ್ಕಳು. ನೀಲಾಂಬಿಕೆಗೂ ನಗು ಬಂತು. ಹೊರಗೆ ಪಂಕ್ತಿಗೆ ಚಾಪೆ ಹಾಸುತ್ತಿದ್ದರು. ಎಡೆಗೆ ಬೆಳ್ಳಿಯ ಬಟ್ಟಲು ತೊಳೆದಿಟ್ಟಾಗಿತ್ತು.

ಅಜ್ಜ ಎದ್ದು ಮಣೆಯನ್ನು ಗೋಡೆಗೆ ಒರಗಿಸಿದ. ಬಾಗಿಲವರೆಗೆ ಹೋಗಿ ತಿರುಗಿದ.

"ಅದಿರಲಿ ನೀಲವ್ವ, ಬೆಳಗಿನಿಂದ ಈ ಕೊಪ್ಪರಿಗೆಯ ಪಕ್ಕದಲ್ಲೇ ಕೂತಿದ್ದೀಯಲ್ಲ, ಇವತ್ತು ಕೂಗು ಕೇಳಿದೆಯೋ?"

ನೀಲಾಂಬಿಕೆ ಎದ್ದು ಉಪ್ಪಿನ ಮೂಟೆಯ ಹೊಲಿಗೆ ನೋಡಲು ಹೋದಳು.