ಕಿವಿ ಮುರಿದ ಸಿಂಹ

ತುಳಜಾಬಾಯಿಯ ಮನೆಯಲ್ಲಿ ಚೀನಾದ ಹಳೆಯ ಬಿಳಿ ಪಿಂಗಾಣಿ ಧೂಪದಾನಿಯೊಂದಿತ್ತು. ಅದರ ಮುಚ್ಚಳದ ಮೇಲೆ, ಹೊಗೆ ಹೊರಬರಲೆಂದು ಬಾಯಿ ತೆರೆದ ಪುಟ್ಟ ಸಿಂಹ. ಒಂದು ದಿನ ಒರೆಸುವಾಗ ಮುಚ್ಚಳ ಕೈಜಾರಿ ಬಿದ್ದು ಸಿಂಹದ ಕಿವಿ ಮುರಿಯಿತು. ತುಳಜಾಬಾಯಿ ಮುಚ್ಚಳವನ್ನು ಪಕ್ಕಕ್ಕಿಟ್ಟು, ಕೆಳಗಿನ ಬರೀ ಬಟ್ಟಲಿನ ಕೆಂಡಕ್ಕೆ ಧೂಪ ಹಾಕಿದಳು. ಗಾಳಿಗೆ ಕೆಂಡ ಧಗಧಗಿಸಿ ಧೂಪವೆಲ್ಲ ಕ್ಷಣದಲ್ಲಿ ಸುಟ್ಟುಹೋಯಿತು.

"ಬೇಗ ಬಾ ಅಣ್ಣಾ, ಕೆಂಡ ನನ್ನ ಮಾತು ಕೇಳುತ್ತಿಲ್ಲ," ಎಂದು ಬಟ್ಟಲು ಕರೆಯಿತು.

"ಹೇಗೆ ಬರಲಿ ತಂಗೀ? ಈ ಕಿವಿ ನೋಡಿದವರು ನಗುವುದಿಲ್ಲವೇ?" ಎಂದಿತು ಸಿಂಹ.

"ಇಷ್ಟು ವರ್ಷ ನಿನ್ನ ಕೆಳಗೇ ಇದ್ದೇನೆ. ನಿನ್ನ ಕಿವಿಯನ್ನು ನಾನು ಒಮ್ಮೆಯೂ ಕಂಡವಳಲ್ಲ. ನಿನ್ನ ಭಾರವಷ್ಟೇ ನನಗೆ ಗೊತ್ತು."

ತುಳಜಾಬಾಯಿ ಮತ್ತೆ ಧೂಪ ಹಾಕಿ, ಈ ಸಲ ಮುಚ್ಚಳ ಇಟ್ಟಳು. ಸಿಂಹ ಅಲುಗದೆ ಕುಳಿತಿತು. ಕೆಂಡ ಶಾಂತವಾಯಿತು. ಸಂಜೆಯವರೆಗೂ ಮನೆಯೆಲ್ಲ ಘಮಘಮಿಸುತ್ತಿತ್ತು.